ಮಗುಚಿದ ಚಿತ್ರ

"ನಿಮ್ಮ ಸಾಫ್ಟ್‌ವೇರು ನಿಮ್ಮ ಅತ್ತೇನೇ ಮಗುಚಿ ಹಾಕಿದೆ, ಬಂದು ನೋಡಿ," ಎಂದರು ಸ್ಕ್ಯಾನ್ ಡಾಕ್ಟರು.

ತಮಾಷೆಗೆ ಹೇಳಿದ ಮಾತಲ್ಲ. ಕೋಣೆಯ ದೀಪ ಆರಿಸಿ ಎರಡು ಪರದೆಗಳ ಮುಂದೆ ಕೂತಿದ್ದ ಅವರ ಮುಖದಲ್ಲಿ ನಗುವಿನ ಸುಳಿವೇ ಇರಲಿಲ್ಲ. ಸೊಸೆ ಒಳಗೆ ಬಂದು ಅವರ ಕುರ್ಚಿಯ ಹಿಂದೆ ನಿಂತಳು. ಪರದೆಯ ಮೇಲಿದ್ದದ್ದು ಅವಳೇ ಎರಡು ವರ್ಷ ಕೂತು ಕಟ್ಟಿದ ಪುಟ. ಬ್ರೌಸರ್ ಇರುವ ಯಾವ ಕಂಪ್ಯೂಟರಿನಲ್ಲಾದರೂ ಅದನ್ನು ತೆರೆದು ರೋಗಿಯ ಸ್ಕ್ಯಾನ್ ನೋಡಬಹುದಿತ್ತು. ಬೆರಳು ಸರಿಸಿದಂತೆಲ್ಲ ದೇಹ ಅಡ್ಡಡ್ಡವಾಗಿ ಪದರ ಪದರವಾಗಿ ತೆರೆದುಕೊಳ್ಳುತ್ತಿತ್ತು. ಈ ಆಸ್ಪತ್ರೆಯವರು ಅದನ್ನು ಬಳಸತೊಡಗಿ ಇನ್ನೂ ತಿಂಗಳಾಗಿರಲಿಲ್ಲ. ಪರಿಚಯದವರಿದ್ದಾರೆ, ಚೆನ್ನಾಗಿ ನೋಡುತ್ತಾರೆ ಎಂದು ಹೊಟ್ಟೆನೋವಿನ ಅತ್ತೆಯನ್ನು ಬೆಳಿಗ್ಗೆ ಇಲ್ಲಿಗೇ ಕರೆತಂದಿದ್ದಳು. ಈಗ ಆ ಪುಟದ ತುಂಬ ಅತ್ತೆಯ ಹೊಟ್ಟೆ.

"ರೋಗಿ ನಮ್ಮ ಎದುರಿಗಿದ್ದ ಹಾಗೆ ತಾನೇ ಚಿತ್ರ ಇರೋದು? ಅವರ ಬಲ ನಮ್ಮ ಎಡಕ್ಕೆ. ಅಂದ್ಮೇಲೆ ಲಿವರ್ ಈ ಕಡೆ ಇರಬೇಕು." ಡಾಕ್ಟರು ಪರದೆಯ ಎಡಭಾಗಕ್ಕೆ ಪೆನ್ನು ತಾಗಿಸಿದರು. "ಇದೆಯಾ?"

ಇರಲಿಲ್ಲ. ಬೂದುಬಣ್ಣದ ಆ ದೊಡ್ಡ ಮುದ್ದೆ ಪರದೆಯ ಬಲಕ್ಕೆ ಒರಗಿ ಕೂತಿತ್ತು. ಅದರ ಪಕ್ಕದ ಅಂಚಿನಲ್ಲಿ 'ಎಡ' ಎಂದು ಸೂಚಿಸುವ ಅಕ್ಷರ. ಆ ಅಕ್ಷರ ಎಲ್ಲಿ, ಎಷ್ಟು ದಪ್ಪಕ್ಕೆ, ಯಾವ ಬಣ್ಣದಲ್ಲಿ ಕಾಣಬೇಕೆಂದು ತೀರ್ಮಾನಿಸಿದವಳೂ ಅವಳೇ.

"ಅಪೆಂಡಿಕ್ಸ್ ಊದಿಕೊಂಡಿದೆ. ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಅದೂ ಎಡಗಡೆ ಕಾಣ್ತಿದೆ. ಹೃದಯದ ತುದಿ ಬಲಗಡೆ. ಒಟ್ಟಿನಲ್ಲಿ ಎಲ್ಲಾ ಅದಲು ಬದಲು."

"ಅತ್ತೆ ಕೂಡ ಬೆಳಿಗ್ಗೆಯಿಂದ ಎಡಗಡೆ ನೋವು ಅಂತಾನೇ ಹೇಳ್ತಿದ್ದಾರೆ ಡಾಕ್ಟ್ರೇ."

"ಹೊಟ್ಟೆನೋವಿಗೆ ವಿಳಾಸ ಇರಲ್ಲಮ್ಮ. ಬಲಗಡೆ ಅಪೆಂಡಿಕ್ಸ್ ಎಡಗಡೆ ನೋಯಿಸಿದ್ದೂ ಉಂಟು." ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಹುಟ್ಟಿನಿಂದಲೇ ಒಳಗಿನದೆಲ್ಲ ಹೀಗೆ ಅದಲು ಬದಲಾಗಿರೋ ಜನ ಇರ್ತಾರೆ, ಇಲ್ಲ ಅನ್ನಲ್ಲ. ಓದುವಾಗ ಪುಸ್ತಕದಲ್ಲಿ ಒಬ್ಬರನ್ನ ನೋಡಿದ್ದೆ. ಎದುರಿಗೆ ಇದುವರೆಗೂ ಕಂಡಿಲ್ಲ. ಆದ್ರೆ ಕಂಪ್ಯೂಟರ್ ಚಿತ್ರ ಮಗುಚಿದ್ದನ್ನ ಬೇಕಾದಷ್ಟು ಸಲ ಕಂಡಿದ್ದೀನಿ. ಈಗ ನೀವೇ ಹೇಳಿ, ಯಾವುದನ್ನ ನಂಬಲಿ?"

"ಇನ್ನೊಂದು ಸಲ ಸ್ಕ್ಯಾನ್ ಮಾಡಿದ್ರೆ?"

"ಮಾಡಬಹುದು. ಈಗಷ್ಟೇ ಅಪಘಾತದ ಕೇಸೊಂದನ್ನ ಮಷೀನ್ ಮೇಲೆ ಮಲಗಿಸಿದ್ದಾರೆ. ನಾವು ಕಾಯಬಹುದು, ಅಪೆಂಡಿಕ್ಸ್ ಕಾಯಬೇಕಲ್ಲ. ಸರ್ಜನ್ ಮೇಡಂ ಆಗಲೇ ಥಿಯೇಟರ್ ರೆಡಿ ಮಾಡಿಸ್ತಿದ್ದಾರೆ. ಯಾವ ಕಡೆ ಅಂತ ನಾನು ಹೇಳಬೇಕು." ಅವರು ಫೋನೆತ್ತಿಕೊಂಡರು. "ನಾನು ವಾರ್ಡಿನ ಡಾಕ್ಟರನ್ನ ಹುಡುಕ್ತೀನಿ. ಅಷ್ಟರಲ್ಲಿ ನೀವು ನಿಮ್ಮ ಕಡೆಯದನ್ನ ನೋಡಿ."

ಅವಳು ಲ್ಯಾಪ್‌ಟಾಪ್ ಅವುಚಿಕೊಂಡು ಹೊರಬಂದು ಕಾರಿಡಾರಿನ ಬೆಂಚಿನ ತುದಿಯಲ್ಲಿ ಕೂತಳು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಮುದುಕರೊಬ್ಬರು ಸರಿದು ಜಾಗ ಮಾಡಿಕೊಟ್ಟರು.

ಅವಳಿಗೆ ಅನುಮಾನ ಬಂದದ್ದಕ್ಕೆ ಕಾರಣವಿತ್ತು. ಅವಳ ಆಫೀಸಿನ ಮುಖ್ಯಸ್ಥನಿಗೆ ಎಲ್ಲರೂ ಬೆನ್ನ ಹಿಂದೆ ಅವಸರಪ್ಪ ಎನ್ನುತ್ತಿದ್ದರು. ಹೋದ ವಾರ ಈ ಅವಸರಪ್ಪನಿಗೆ ಒಂದು ಉಪಾಯ ಹೊಳೆದಿತ್ತು. ಕೆಲವು ಕಡೆ ಸ್ಕ್ಯಾನ್ ಮಾಡುವವರು ರೋಗಿ ಮಲಗಿದ ರೀತಿಯನ್ನು ತಪ್ಪಾಗಿ ನಮೂದಿಸುತ್ತಾರೆ, ಕಾಲು ಮೊದಲು ಒಳಹೋದದ್ದನ್ನು ತಲೆ ಮೊದಲು ಎನ್ನುತ್ತಾರೆ. ಆಗ ಚಿತ್ರದಲ್ಲಿ ಎಡ ಬಲವಾಗುತ್ತದೆ. "ಲಿವರ್ ಬಲಗಡೆ ಇಲ್ಲ ಅಂದ್ರೆ ಚಿತ್ರ ತಾನೇ ಮಗುಚಿಕೊಂಡು ಸರಿಯಾಗಿಬಿಡಬೇಕು. ಡಾಕ್ಟರಿಗೆ ಗೊತ್ತೂ ಆಗಬಾರದು. ಹೂ ಎತ್ತಿದಷ್ಟು ಸುಲಭ!" ಎಂದಿದ್ದ. ಅವಳಿಗೂ ಅದು ಜಾಣತನವೆಂದೇ ಕಂಡಿತ್ತು. ಉತ್ಸಾಹದಿಂದ ಬರೆದು ಮುಗಿಸಿದ್ದಳು. ಮುಂದಿನ ವಾರ ಗುಂಡಿ ಒತ್ತಿ ಅದನ್ನು ಚಾಲೂ ಮಾಡುವುದೆಂದು ಮಾತಾಗಿತ್ತು. ಒಂದು ವೇಳೆ ಅದು ಈಗಲೇ ಎಲ್ಲೋ ಜೀವ ಪಡೆದು, ನೆಟ್ಟಗಿದ್ದ ಅತ್ತೆಯನ್ನು ಮಗುಚಿಬಿಟ್ಟಿದ್ದರೆ? ಇನ್ನೂ ನಾಲ್ಕು ಆಸ್ಪತ್ರೆಗಳಲ್ಲಿ ಇದೇ ಪುಟ ತೆರೆದುಕೊಂಡು ಕೂತಿದ್ದವರು ಈ ಹೊತ್ತಿನಲ್ಲಿ ಯಾರ ಯಾವ ಕಡೆಯನ್ನು ನೋಡುತ್ತಿದ್ದಾರೋ!

ಅನುಮಾನ ಬಂದರೆ ಮೊದಲು ಬ್ರೇಕು, ಆಮೇಲೆ ಯೋಚನೆ. ಅದು ಅತ್ತೆಯ ಮಾತು. ಅತ್ತೆ ಮೂವತ್ತು ವರ್ಷ ಡ್ರೈವಿಂಗ್ ಶಾಲೆಯಲ್ಲಿ ಕಲಿಸಿದವರು. ಈ ಊರಿನ ಅರ್ಧ ಜನ ಅವರ ಪಕ್ಕದ ಸೀಟಿನಲ್ಲಿ ಬೆವರಿದವರೇ. ಮದುವೆಯಾದ ಹೊಸತರಲ್ಲಿ ಸೊಸೆಗೂ ಕಲಿಸಲು ಹೊರಟಿದ್ದರು. "ಕನ್ನಡಿ ನೋಡಮ್ಮಾ, ಕನ್ನಡಿ!" ಅತ್ತೆ ಮಾತಿನ ಕೊನೆಗೆ 'ಅಮ್ಮಾ' ಸೇರಿಸಿದರೆಂದರೆ ಕೋಪ ನೆತ್ತಿಗೇರಿದೆ ಎಂದೇ ಅರ್ಥ. ಕಾರು ಗೇಟಿಗೆ ಗುದ್ದಿದ ದಿನ ಇಬ್ಬರೂ ಒಂದೂ ಮಾತಾಡದೆ ಮನೆಯೊಳಗೆ ಬಂದಿದ್ದರು. ಅಂದಿನಿಂದ ಅವರ ನಡುವೆ ಜಗಳವೇನೂ ಇರಲಿಲ್ಲ. 'ಊಟ ಆಯ್ತಾ', 'ಆಯ್ತು ಅತ್ತೆ', 'ನಾಳೆ ಬೇಗ ಹೋಗ್ಬೇಕಾ', 'ಹೌದು ಅತ್ತೆ'. ಬಾಡಿಗೆ ಮನೆಯವರ ಹಾಗೆ ಇಬ್ಬರೂ ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟುಕೊಂಡು ಬದುಕುತ್ತಿದ್ದರು.

ಅವಳು ಅವಸರಪ್ಪನಿಗೆ ಫೋನ್ ಮಾಡಿದಳು.

"ಸಾರ್, ಎಲ್ಲ ಕಡೆ ನಮ್ಮ ಪುಟ ನಿಲ್ಲಿಸ್ತಿದ್ದೀನಿ. ಎಡ ಬಲ ಖಚಿತ ಇಲ್ಲ, ಸದ್ಯಕ್ಕೆ ಹಳೇದರಲ್ಲೇ ನೋಡಿ ಅಂತ ಸೂಚನೆ ಹಾಕ್ತೀನಿ."

"ತಲೆ ಕೆಟ್ಟಿದೆಯಾ? ತಪ್ಪಾಗಿದೆ ಅಂತ ಗೊತ್ತಾ ನಿಮಗೆ?"

"ಗೊತ್ತಿಲ್ಲ."

"ಗೊತ್ತಿಲ್ಲದೇನೇ ಅಂಗಡಿ ಬಾಗಿಲು ಹಾಕ್ತೀರಾ? ನಾಳೆ ಯಾವ ಮುಖ ಇಟ್ಕೊಂಡು ಅವರ ಹತ್ರ ಹೋಗಲಿ ನಾನು?"

"ತಪ್ಪಾಗಿಲ್ಲ ಅಂತಾನೂ ಗೊತ್ತಿಲ್ಲ ಸಾರ್," ಎಂದಳು. ಫೋನಿಟ್ಟು ಪುಟ ನಿಲ್ಲಿಸಿದಳು. ಗಡಿಬಿಡಿಯಲ್ಲಿ ತನ್ನ ಗುಪ್ತಪದವನ್ನೇ ಎರಡು ಸಲ ತಪ್ಪು ಬರೆದಳು.

ಆಮೇಲೆ ಹುಡುಕಾಟ. ಮೊದಲು ಆ ಮಗುಚುವ ಗುಂಡಿ. ಅದು ಆರಿಯೇ ಇತ್ತು. ಯಾರೂ ಮುಟ್ಟಿದ ಗುರುತಿರಲಿಲ್ಲ. ಬೆಳಿಗ್ಗೆ ಇದೇ ಮಷೀನಿನಲ್ಲಿ ಸ್ಕ್ಯಾನ್ ಆದ ಬೇರೆಯವರ ಚಿತ್ರಗಳನ್ನು ಒಂದಾದ ಮೇಲೊಂದು ತೆರೆದಳು. ಎಲ್ಲರ ಲಿವರೂ ಇರಬೇಕಾದ ಕಡೆಯೇ ಇತ್ತು. ಪರೀಕ್ಷೆಗೆಂದೇ ಅವರ ಆಫೀಸಿನಲ್ಲಿ ಒಂದು ಪ್ಲಾಸ್ಟಿಕ್ ಬೊಂಬೆಯಿತ್ತು, ಅದರ ಬಲ ಕಂಕುಳಲ್ಲೊಂದು ಲೋಹದ ಗುಂಡು. ಆ ಬೊಂಬೆಯ ಸ್ಕ್ಯಾನನ್ನು ಹಾಕಿ ಎಲ್ಲ ಕೋನಗಳಿಂದ ತಿರುಗಿಸಿದಳು. ಗುಂಡು ಬಲಗಡೆಯೇ ಮಿಂಚಿತು. ಸಾಫ್ಟ್‌ವೇರು ಸುಳ್ಳು ಹೇಳುತ್ತಿರಲಿಲ್ಲ. ತನಗೆ ಹೇಳಿದ್ದನ್ನೇ ಹೇಳುತ್ತಿತ್ತು.

ಹಾಗಾದರೆ ಅದಕ್ಕೆ ಹೇಳಿದವರು? ಅವಳು ಎದ್ದು ಸ್ಕ್ಯಾನ್ ಮಷೀನಿನ ಕೋಣೆಯತ್ತ ಓಡಿದಳು. ಅಪಘಾತದ ರೋಗಿಯ ಸ್ಕ್ಯಾನಿನಲ್ಲಿ ಮುಳುಗಿದ್ದ ಆಪರೇಟರು ಬಾಗಿಲ ಸಂದಿಯಲ್ಲೇ ನಿಂತು ಉತ್ತರ ಕೊಟ್ಟ.

"ಎಲ್ಲರನ್ನೂ ಒಂದೇ ಥರ ಮಲಗಿಸೋದು ಮೇಡಂ. ತಲೆ ಈ ಕಡೆ, ಕಾಲು ಆ ಕಡೆ. ನಿಮ್ಮ ಅತ್ತೆ ನೋವಿಗೆ ಮುದುಡಿಕೊಂಡಿದ್ರು, ಸ್ವಲ್ಪ ತಿರುಗಿಸಿ ಮುರುಗಿಸಿ ಮಲಗಿಸಬೇಕಾಯ್ತು. ಅವಸರದಲ್ಲಿ ಏನಾದ್ರೂ ತಪ್ಪು ಒತ್ತಿದ್ನಾ ಅಂದ್ರೆ..." ಅವನು ನೆನಪಿಸಿಕೊಳ್ಳಲು ನೋಡಿದ. "ಇಲ್ಲ ಅಂತಾನೇ ಅನ್ಸುತ್ತೆ. ಆದ್ರೆ ಎದೆ ಮುಟ್ಟಿಕೊಂಡು ಹೇಳಿ ಅಂದ್ರೆ ಹೇಳಲ್ಲ."

ಎದೆ ಮುಟ್ಟಿಕೊಂಡು. ಅವಳು ಅಲ್ಲೇ ಒಂದು ಕ್ಷಣ ನಿಂತಳು. ಮೂರು ಮಹಡಿ ಮೇಲಿನ ವಾರ್ಡಿನಲ್ಲಿ, ಯಾವ ತಂತ್ರಜ್ಞಾನದ ಹಂಗೂ ಇಲ್ಲದೆ, ಉತ್ತರ ಮಲಗಿತ್ತು. ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿದಳು.

ಅತ್ತೆ ಮಂಡಿ ಮಡಚಿಕೊಂಡು, ಹೊಟ್ಟೆಯ ಎಡಗಡೆ ಮುಷ್ಟಿಯೊತ್ತಿಕೊಂಡು ಮಲಗಿದ್ದರು. ಆಸ್ಪತ್ರೆಯ ತೆಳು ಅಂಗಿ ಬೆವರಿಗೆ ಮೈಗಂಟಿತ್ತು. ಪಕ್ಕದ ಕುರ್ಚಿಯಲ್ಲಿ ಅವಳ ಗಂಡ ಅಮ್ಮನ ಕನ್ನಡಕವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದ. ಅದನ್ನು ಬಿಟ್ಟರೆ ಅಮ್ಮ ಕೈತಪ್ಪುತ್ತಾಳೇನೋ ಎಂಬಂತಿದ್ದ.

"ಏನಂತೆ?" ಎಂದ.

"ಅತ್ತೆ, ನೋವು ಎಡಗಡೆನೇ ತಾನೇ? ಸರಿಯಾಗಿ ಹೇಳಿ."

ಅತ್ತೆ ಕಣ್ಣು ತೆರೆದರು. "ಊರಿಗೆಲ್ಲಾ ಎಡ ಬಲ ಹೇಳ್ಕೊಟ್ಟೋಳು ನಾನು. ನನ್ನ ಹೊಟ್ಟೇದು ನಂಗೊತ್ತಿಲ್ವಾಮ್ಮಾ?"

ಆ 'ಅಮ್ಮಾ' ಕೇಳಿ ಅವಳಿಗೆ ವಿಚಿತ್ರವಾದೊಂದು ಧೈರ್ಯ ಬಂತು. "ನಿಮ್ಮ ಎದೆ ಮೇಲೆ ಒಂದ್ನಿಮಿಷ ಕೈ ಇಡ್ತೀನಿ."

"ಯಾಕೆ, ಇದ್ದೀನೋ ಹೋದೆನೋ ಅಂತ ನೋಡೋಕಾ?"

ಅವಳು ಮಂಚದ ಅಂಚಿನಲ್ಲಿ ಕೂತು ಅಂಗಿಯ ಮೇಲೆ, ಎಡಗಡೆ, ಅಂಗೈ ಇಟ್ಟಳು. ಇಷ್ಟು ವರ್ಷಗಳಲ್ಲಿ ಅತ್ತೆಯನ್ನು ಹೀಗೆ ಮುಟ್ಟಿದ್ದು ಇದೇ ಮೊದಲು. ಮೈ ಕೆಂಡದಂತೆ ಸುಡುತ್ತಿತ್ತು. ಎಲ್ಲೋ ದೂರದ ಮನೆಯಲ್ಲಿ ಯಾರೋ ಬಾಗಿಲು ತಟ್ಟಿದಷ್ಟು ಸಣ್ಣಗೆ ಏನೋ ತಿಳಿದಂತಾಯಿತು. ಅದು ಅತ್ತೆಯದೋ, ಮೆಟ್ಟಿಲು ಹತ್ತಿ ಬಂದ ತನ್ನದೇ ಕೈಯ ನಾಡಿಯೋ ಗೊತ್ತಾಗಲಿಲ್ಲ. ಉಸಿರು ಬಿಗಿಹಿಡಿದು ಕೈಯನ್ನು ಬಲಗಡೆಗೆ ಸರಿಸಿದಳು.

ಅಲ್ಲಿತ್ತು. ಒಳಗಿನಿಂದ ಯಾರೋ ಮುಷ್ಟಿ ಕಟ್ಟಿ ಅಂಗೈಗೆ ಗುದ್ದಿದಂತೆ, ಜ್ವರದ ವೇಗದಲ್ಲಿ, ಧಡಧಡನೆ. ಅವಳು ಕೈ ತೆಗೆಯಲಿಲ್ಲ. ಬೆಳಿಗ್ಗೆಯಿಂದ ಎದೆಯ ಮೇಲೆ ಕೂತಿದ್ದ ಬಂಡೆಯೊಂದು ಜರುಗಿ ಉರುಳಿಹೋದಂತಾಯಿತು.

"ಅಳ್ತಿದ್ದೀಯಾ ಏನು?" ಅತ್ತೆ ಕೇಳಿದರು. ಈ ಸಲ ಕೊನೆಗೆ 'ಅಮ್ಮಾ' ಇರಲಿಲ್ಲ.

"ಇಲ್ಲ ಅತ್ತೆ. ನಿಮ್ಮ ಹೃದಯ ಬಲಗಡೆ ಇದೆ."

"ಅದಕ್ಕೇನೀಗ? ಎಲ್ಲರಿಗೂ ಅಲ್ಲೇ ತಾನೇ ಇರೋದು?"

ಗಂಡ ಗಾಬರಿಯಿಂದ ತನ್ನ ಎದೆ ಮುಟ್ಟಿ ನೋಡಿಕೊಂಡ. ಎಡಗಡೆ ಸಿಕ್ಕಿರಬೇಕು, ಮುಖ ಸಡಿಲವಾಯಿತು. "ಎಡಗಡೆ ಇರುತ್ತೆ ಅಂತಾರಲ್ಲಮ್ಮ ಎಲ್ಲರೂ!"

"ಅಂತಾರೆ. ನಂಗೆ ಚಿಕ್ಕೋಳಿದ್ದಾಗಿಂದ ಇಲ್ಲೇ ಬಡ್ಕೊಳ್ಳೋದು. ಎಡ ಅಂದ್ರೆ ಎದುರಿಗೆ ನಿಂತೋರ ಎಡ ಅಂದ್ಕೊಂಡಿದ್ದೆ." ನೋವಿನ ಅಲೆಯೊಂದು ಬಂದು ಹೋಗುವವರೆಗೆ ಹಲ್ಲು ಕಚ್ಚಿಕೊಂಡರು. "ನಮ್ಮ ಬೀದಿ ಡಾಕ್ಟ್ರು ಇದ್ರಲ್ಲ, ತೀರಿಕೊಂಡ್ರು ಪಾಪ, ಅವರು ನಾನು ಹೋದಾಗೆಲ್ಲ ಎಡಗಡೆ ಕೊಳವೆ ಇಟ್ಟು 'ನಿಮ್ಮ ಎದೆ ಬಡಿತ ತುಂಬಾ ಕ್ಷೀಣ' ಅಂತ ಟಾನಿಕ್ ಬರ್ದು ಕೊಡೋರು. ಎಷ್ಟು ಬಾಟ್ಲಿ ಕುಡಿದೆನೋ ಆ ಕಹಿನ!"

ವಾರ್ಡಿನ ಡಾಕ್ಟರ್ ಬಂದಾಗ ಸೊಸೆ ಮಂಚದ ಮೇಲೆ ಅಳುತ್ತಲೂ ನಗುತ್ತಲೂ ಕೂತಿದ್ದಳು. ಅವನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಸ್ಟೆತಾಸ್ಕೋಪ್ ಇಟ್ಟು ಕೇಳಿದ. ಹುಬ್ಬು ಮೇಲೇರಿತು. ಅಷ್ಟರಲ್ಲಿ ಸ್ಕ್ಯಾನ್ ಡಾಕ್ಟರೂ ಏದುಸಿರು ಬಿಡುತ್ತ ಬಂದರು. "ಕೊಡಯ್ಯ ಇಲ್ಲಿ" ಎಂದು ಅದನ್ನು ಕಿತ್ತುಕೊಂಡಂತೆ ಇಸಿದುಕೊಂಡು, ಕಣ್ಣು ಮುಚ್ಚಿ ಕೇಳಿದರು. ಕಣ್ಣು ತೆರೆದಾಗ ಆ ಗಂಭೀರ ಮುಖದಲ್ಲಿ ಜಾತ್ರೆಗೆ ಹೊರಟ ಮಗುವಿನ ಕಳೆಯಿತ್ತು.

"ಪುಸ್ತಕದಿಂದ ಎದ್ದು ಬಂದಿದ್ದಾರೆ ನಿಮ್ಮ ಅತ್ತೆ," ಎಂದರು. "ನಾನೀಗ ಕ್ಷಮೆ ಕೇಳಬೇಕಾದ್ದು ಸಾಫ್ಟ್‌ವೇರ್ ಹತ್ರಾನೋ, ಇವರ ಹತ್ರಾನೋ?"

"ಮೊದಲು ನೋವು ನಿಲ್ಲಿಸಿ ಸ್ವಾಮಿ. ಕ್ಷಮೆ ಎಲ್ಲಿಗೂ ಓಡಿ ಹೋಗಲ್ಲ," ಎಂದರು ಅತ್ತೆ.

ಸ್ಕ್ಯಾನ್ ಡಾಕ್ಟರೇ ಥಿಯೇಟರಿಗೆ ಫೋನ್ ಮಾಡಿದರು. "ಎಡಗಡೆ ಮೇಡಂ. ಹೌದು, ಎಡಗಡೆ. ಚಿತ್ರ ಸರಿಯಾಗಿದೆ. ರೋಗಿ ಸರಿಯಾಗಿ ಹೇಳಿದ್ದಾರೆ. ತಿರುಗಾ ಮುರುಗಾ ಆಗಿದ್ದವನು ನಾನೊಬ್ಬನೇ." ಆಮೇಲೆ ಜೇಬಿನಿಂದ ನೀಲಿ ಮಾರ್ಕರ್ ತೆಗೆದು ಅತ್ತೆಯ ಹೊಟ್ಟೆಯ ಎಡಗಡೆ, ಯಾರಿಗೂ ಅನುಮಾನ ಉಳಿಯದ ಹಾಗೆ, ದೊಡ್ಡದೊಂದು ಬಾಣದ ಗುರುತು ಬರೆದರು.

ಸ್ಟ್ರೆಚರ್ ಬಾಗಿಲು ದಾಟುವ ಮುನ್ನ ಅತ್ತೆ ಸೊಸೆಯ ಕೈ ಹುಡುಕಿ ಹಿಡಿದರು. ಆ ಹಿಡಿತ ಬಿಗಿಯಾಗಿತ್ತು, ಉಂಗುರ ಬೆರಳಿಗೆ ಒತ್ತುವಷ್ಟು.

ಥಿಯೇಟರಿನ ಒಳಗೆ ಎಲ್ಲವನ್ನೂ ಆಚೆಯಿಂದ ಈಚೆಗೆ ಸರಿಸಬೇಕಾಯಿತಂತೆ. ಸರ್ಜನ್ ನಿಲ್ಲುವ ಜಾಗ, ಪರದೆ, ಸಲಕರಣೆಯ ಮೇಜು, ಎಲ್ಲ. ಹೊರಗೆ ಗಂಡ ಹೆಂಡತಿ ಒಂದೇ ಲೋಟದ ಕಾಫಿಯನ್ನು ಇಬ್ಬರೂ ಮರೆತು ತಣ್ಣಗಾಗಿಸಿದರು. ಬಾಗಿಲು ತೆರೆದು ಬಂದ ಸರ್ಜನ್ ಮುಖದ ಮಾಸ್ಕ್ ಕೆಳಗೆಳೆದು ದೊಡ್ಡದಾಗಿ ಉಸಿರುಬಿಟ್ಟರು.

"ಒಡೆದಿರಲಿಲ್ಲ. ಇನ್ನು ಸ್ವಲ್ಪ ತಡ ಆಗಿದ್ರೆ ಕಷ್ಟ ಇತ್ತು. ಬಲಗಡೆ ಕೊಯ್ದಿದ್ರಂತೂ ಒಳಗೆ ತಡಕಾಡಬೇಕಿತ್ತು ನಾನು." ತಮ್ಮ ಕೈಯನ್ನು ಮುಚ್ಚಿ ಬಿಡಿಸಿ ನೋಡಿಕೊಂಡರು. "ಎಡಗೈಯಲ್ಲಿ ಬರೆದ ಹಾಗಾಯ್ತು ನೋಡಿ. ಆದ್ರೂ ಅಕ್ಷರ ದುಂಡಗೇ ಬಂದಿದೆ. ಆರಾಮಾಗಿರಿ."

ಗಂಡ ಗೋಡೆಗೊರಗಿ ಹಾಗೆಯೇ ಜಾರಿ ನೆಲದ ಮೇಲೆ ಕೂತುಬಿಟ್ಟ. ಕನ್ನಡಕ ಇನ್ನೂ ಕೈಯಲ್ಲಿತ್ತು. ಅವಳೂ ಪಕ್ಕದಲ್ಲಿ ಕೂತಳು. ನೆಲ ತಂಪಾಗಿತ್ತು. ಹಸಿವಾಗುತ್ತಿದೆ ಎಂದು ಅವಳಿಗೆ ಆಗ ತಿಳಿಯಿತು.

ಅವಸರಪ್ಪನ ಫೋನು ಮತ್ತೆ ಮತ್ತೆ ಬಂದು ಹೋಗಿತ್ತು. ಕ್ಯಾಂಟೀನಿನಲ್ಲಿ ಎರಡು ಬನ್ನು ತಿಂದ ಮೇಲೆ ಅವನಿಗೆ ಫೋನ್ ಮಾಡಿದಳು.

"ಪುಟ ಮತ್ತೆ ಚಾಲೂ ಮಾಡಿದ್ದೀನಿ ಸಾರ್. ಎಲ್ಲ ಸರಿಯಾಗಿದೆ. ನಮ್ಮತ್ತೆನೇ ಒಳಗೆ ಉಲ್ಟಾ."

"ಉಲ್ಟಾ ಅಂದ್ರೆ?"

ಅವಳು ವಿವರಿಸಿದಳು. ಕೇಳುತ್ತ ಕೇಳುತ್ತ ಅವನ 'ಅಯ್ಯೋ'ಗಳು ಉದ್ದವಾಗುತ್ತ ಹೋದವು. ಕೊನೆಗೆ ಅವಳು, "ಆ ತಾನೇ ಮಗುಚೋ ಗುಂಡಿ ಇದೆಯಲ್ಲ ಸಾರ್, ಅದನ್ನ ಕಿತ್ತು ಹಾಕ್ತೀನಿ," ಎಂದಳು.

"ಯಾಕೆ? ಅದೇನು ಮಾಡ್ತು ಪಾಪ? ಆರಿತ್ತಲ್ಲ!"

"ಆರಿದ್ದಕ್ಕೇ ಬಚಾವಾದ್ವಿ. ಅದು ಚಾಲೂ ಇದ್ದಿದ್ರೆ ಇವತ್ತು ಅತ್ತೆ ಚಿತ್ರ ನೋಡೋಕೆ ಸರಿಯಾಗೇ ಕಾಣ್ತಿತ್ತು. ಲಿವರ್ ಬಲಗಡೆ, ಅಪೆಂಡಿಕ್ಸ್ ಬಲಗಡೆ. ಯಾರೂ ಏನೂ ಕೇಳ್ತಿರಲಿಲ್ಲ. ಸೀದಾ ಬಲಗಡೆ ಕೊಯ್ದಿರೋರು." ಮುಂದಿನ ಮಾತು ತಾನೇ ಬಾಯಿಗೆ ಬಂತು. "ಅನುಮಾನ ಇದ್ರೆ ಅನುಮಾನ ಇದೆ ಅಂತ ತೋರಿಸೋಣ. ಒಂದು ಹಳದಿ ಗುರುತು ಸಾಕು. ತಿರುಗಿಸೋದು ಮಾತ್ರ ಬೇಡ."

ಅವಸರಪ್ಪ ಯೋಚಿಸಿದ. ಅದು ಫೋನಿನಲ್ಲೂ ಕೇಳಿಸುವಂತಿತ್ತು. "ಸರಿ," ಎಂದ. ಆಮೇಲೆ, ಇನ್ನೂ ಮೆತ್ತಗೆ, "ಅವರು ಹುಷಾರಾಗಿದ್ದಾರೆ ತಾನೇ?" ಎಂದು ಕೇಳಿದ.

ಮಾರನೆಯ ಮಧ್ಯಾಹ್ನ ಅತ್ತೆ ದಿಂಬಿಗೊರಗಿ ಕೂತಿದ್ದರು. ಮುಖಕ್ಕೆ ಬಣ್ಣ ಬಂದಿತ್ತು. ಬೆಳಿಗ್ಗೆಯಿಂದ ಗುಂಪು ಗುಂಪಾಗಿ ಬಂದ ಡಾಕ್ಟರ್ ವಿದ್ಯಾರ್ಥಿಗಳು ಅವರ ಬಲ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ ಹೋಗಿದ್ದರು. ತಡಕಾಡುತ್ತಿದ್ದ ಒಬ್ಬನಿಗೆ "ಇನ್ನೂ ಸ್ವಲ್ಪ ಬಲಕ್ಕೆ, ಹಾಂ, ಅಲ್ಲೇ ನಿಲ್ಸು" ಎಂದು ಅತ್ತೆ ದಾರಿ ತೋರಿಸಿದ್ದರಂತೆ. ಗಂಡ ಕೆಳಗೆ ಔಷಧಿ ತರಲು ಹೋಗಿದ್ದ.

"ಊರೆಲ್ಲಾ ನೋಡಿ ಆಯ್ತು. ನಾನು ನೋಡಬಾರದಾ ನನ್ನ ಒಳಗನ್ನ?" ಎಂದರು ಅತ್ತೆ.

ಸೊಸೆ ಮಂಚದ ಮೇಲೆ ಅವರ ಪಕ್ಕಕ್ಕೇ ಹತ್ತಿ ಕೂತು, ಲ್ಯಾಪ್‌ಟಾಪ್ ಇಬ್ಬರ ತೊಡೆಯ ಮೇಲೂ ಬರುವಂತೆ ಇಟ್ಟಳು. ಕನ್ನಡಕ ಹಾಕಿಕೊಟ್ಟಳು. ಅತ್ತೆಯ ತೋರುಬೆರಳನ್ನು ಹಿಡಿದು ಟಚ್‌ಪ್ಯಾಡಿನ ಮೇಲೆ ಇರಿಸಿದಳು.

"ಮೇಲಕ್ಕೆ ತಳ್ಳಿದ್ರೆ ಮೇಲಕ್ಕೆ ಹೋಗ್ತೀರಿ. ಕೆಳಕ್ಕೆ ಅಂದ್ರೆ ಕೆಳಕ್ಕೆ."

ಅತ್ತೆ ತುಂಬ ಎಚ್ಚರಿಕೆಯಿಂದ ಬೆರಳು ಸರಿಸಿದರು. ಕತ್ತಲಲ್ಲಿ ಬೂದು ಆಕಾರಗಳು ಒಂದರೊಳಗಿಂದ ಒಂದು ಹುಟ್ಟಿ, ಅಗಲವಾಗಿ, ಕರಗಿ ಹೋದವು. ಬೆನ್ನುಮೂಳೆ ಬೆಳ್ಳಗೆ ಅರಳಿ ಮತ್ತೆ ಮುಚ್ಚಿಕೊಂಡಿತು. "ಇದೇನು?" "ಕಿಡ್ನಿ." "ಇದು?" "ಹೊಟ್ಟೆ. ನಿನ್ನೆ ಖಾಲಿ ಇತ್ತು." "ಹೂಂ." ಬೆರಳು ಮೇಲಕ್ಕೆ ಹೋಯಿತು, ಕೆಳಕ್ಕೆ ಬಂತು, ಮತ್ತೆ ಮೇಲಕ್ಕೆ ಹೋಯಿತು. ಹೊರಗೆ ಯಾರೋ ಊಟದ ಗಾಡಿ ತಳ್ಳಿಕೊಂಡು ಹೋದರು. ಅದರ ಒಂದು ಚಕ್ರ ಕಿರುಗುಟ್ಟುತ್ತಿತ್ತು.

"ಇಲ್ಲೇ ನಿಲ್ಲಿಸೋದು ಹೇಗೆ?"

"ಬೆರಳು ಎತ್ತಿ ಅತ್ತೆ, ಅಷ್ಟೇ."

ಅತ್ತೆ ಬೆರಳೆತ್ತಿದರು. ಪರದೆಯ ಮೇಲೆ ಹೃದಯದ ತುದಿ, ಹೆಬ್ಬೆರಳಿನಷ್ಟು ಅಗಲಕ್ಕೆ, ಅಲುಗದೆ ನಿಂತಿತು. ಇಬ್ಬರೂ ಅದನ್ನೇ ನೋಡುತ್ತ ಕೂತರು.